ಇಪ್ಪತ್ನಾಲ್ಕು ಎಳೆ

ಸೇರಲೋ ಬೇಡವೋ ಎಂದು ಕೇಳಿದ್ದೀಯ, ಚೌಡೇಶ.
ಮೆಸೇಜು ನಿನ್ನೆಯದು; ನನಗೆ ಸಿಕ್ಕಿದ್ದು ಇವತ್ತು,
ಮಾಸ್ತಿಕಟ್ಟೆ ದಾಟಿದ ಮೇಲೆ.
ನಗಬೇಡ. ಟವರ್ ಕಾಯುವವನ ಜೇಬಿಗೇ
ಟವರ್ ಸಿಗದ ತಿರುವುಗಳು ಈ ದಾರಿಯಲ್ಲಿ ಹದಿನೇಳು,
ಎಣಿಸಿದ್ದೇನೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ, ಬೇಗ ಮುಗಿಯುತ್ತದೆ.
ವರ್ಷಕ್ಕೊಂದು ಜೊತೆ ಬೂಟು, ಕಬ್ಬಿಣದ ಮೂತಿಯದು;
ಉಂಬಳ ಒಳಗೆ ಸೇರಿದರೆ ಸಂಜೆ ಬಿಚ್ಚುವ ತನಕ ಗೊತ್ತಾಗದು.
ಪಿ.ಎಫ್. ಉಂಟು, ಗುತ್ತಿಗೆದಾರನಿಗೆ ನೆನಪಾದ ತಿಂಗಳು.
ಕೊರಳಿಗೆ ಕಾರ್ಡು: ಅರಣ್ಯದ ಗೇಟಿನವ
ಹೆಸರು ಬರೆಯದೆಯೇ ಕೋಲು ಎತ್ತುತ್ತಾನೆ.
ಮತ್ತೆ ಆ ನಲವತ್ತು ಮೀಟರ್.
ಬೆಲ್ಟು ಬಿಗಿದು, ತುಕ್ಕು ಅಂಗೈಗೆ ಹತ್ತಿಸಿಕೊಂಡು
ಮೇಲೆ ಹೋಗಿ ಕೂತರೆ, ನವೆಂಬರ್ ಸಂಜೆ,
ಘಾಟಿಯಾಚೆ ಕಡಲು ಒಂದು ಗೆರೆ,
ಯಾರೋ ಪೆನ್ಸಿಲಿನಲ್ಲಿ ಎಳೆದು ಅರ್ಧಕ್ಕೆ ಬಿಟ್ಟದ್ದು.
ಮಂಗಟ್ಟೆ ಹಕ್ಕಿ ನಮ್ಮ ಕೆಳಗೆ ಹಾರುತ್ತದೆ,
ಅದರ ಬೆನ್ನು ನೋಡಿದವರು ಊರಲ್ಲಿ ಎಷ್ಟು ಜನ?

ಇದಕ್ಕೆ ಭತ್ಯೆ ಇಲ್ಲ. ಕೇಳಿ ನೋಡಿದ್ದೇನೆ.

ಇನ್ನು ಉಳಿದದ್ದು.
ಮದುವೆಯ ಪಂಕ್ತಿಯಲ್ಲಿ ಕೂತರೆ
ಪಾಯಸದ ಸೌಟು ಎಲೆಯ ಮೇಲೆ ನಿಂತುಬಿಡುತ್ತದೆ:
'ಫೈವ್ ಜಿ ಯಾವಾಗ?'
ಉತ್ತರ ಬರುವ ತನಕ ಬಾಗುವುದಿಲ್ಲ.
ರೀಚಾರ್ಜು ಮೂವತ್ತು ರೂಪಾಯಿ ಏರಿದರೆ
ಏರಿಸಿದವ ನಾನೇ.
ನ್ಯಾಯಬೆಲೆ ಅಂಗಡಿಯಲ್ಲಿ ಸರ್ವರ್ ಬಿದ್ದರೆ
ಹೆಬ್ಬೆಟ್ಟು ಎತ್ತಿ ಹಿಡಿದ ಅರವತ್ತು ಮಂದಿ
ತಿರುಗಿ ನೋಡುವುದು ನನ್ನ ಬೈಕನ್ನು.
ಜನರೇಟರಿನ ಡೀಸೆಲ್ ಕದ್ದವನ ಹೆಸರು ನನಗೆ ಗೊತ್ತು,
ಬರೆದು ಕೊಟ್ಟಿಲ್ಲ; ಅವನ ಗದ್ದೆಯ ಅಂಚಲ್ಲೇ
ನಮ್ಮ ಕೇಬಲ್ ಮಲಗಿದೆ.
ಬ್ಯಾಟರಿ ಕೋಣೆಯ ಬಿಸಿಗೆ ಬರುವ ಕೇರೆಹಾವನ್ನು
ನಾವು ಸೂಪರ್‌ವೈಸರ್ ಎನ್ನುತ್ತೇವೆ;
ಅಸಲಿಗಿಂತ ಹೆಚ್ಚು ಸಲ ಬಂದು ಹೋಗುತ್ತದೆ.

ಒಂದು ರಾತ್ರಿಯದು ಹೇಳುತ್ತೇನೆ, ನೀನೇ ತೂಗಿ ನೋಡು.
ಯಡೂರಿನ ಹತ್ತಿರ ರಸ್ತೆ ಅಗಲ ಮಾಡುವ ಜೆಸಿಬಿ
ಒಂದೇ ಎಳೆತಕ್ಕೆ ಇಪ್ಪತ್ನಾಲ್ಕೂ ಎಳೆ ಕಡಿದಿತ್ತು.
ಚರಂಡಿಯ ಬದಿ, ಟಾರ್ಪಲಿನ ಕೆಳಗೆ, ನಾನೂ ದಸ್ತಗೀರನೂ
ತಲೆಗೆ ಲೈಟು ಕಟ್ಟಿ ಕೂತೆವು.
ಗಾಜು, ಚೌಡೇಶ. ಕೂದಲಿಗಿಂತ ದಪ್ಪವೇನಲ್ಲ.
ತುಂಡು ಬೆರಳಿಗೆ ಹೊಕ್ಕರೆ ಕಾಣುವುದೇ ಇಲ್ಲ,
ಮೂರು ದಿನ ಅನ್ನ ಕಲಸುವಾಗ ಮಾತಾಡುತ್ತದೆ.
ಸುಲಿದು, ಒರೆಸಿ, ತುದಿ ಕತ್ತರಿಸಿ,
ಪುಟ್ಟ ಪೆಟ್ಟಿಗೆಯಲ್ಲಿ ಎರಡನ್ನೂ ಎದುರುಬದುರು ಇಟ್ಟರೆ
ಒಂದು ಕಿಡಿ.
ಕೂಡಿತು.
ಯಾರ ಜಗಳ, ಯಾರ ಸಾಲ, ಯಾರ ಹೆರಿಗೆಯ ಸುದ್ದಿ
ಯಾವ ಬಣ್ಣದಲ್ಲಿ ಹೋಗುತ್ತದೋ, ನಮಗೆ ತಿಳಿಯದು.
ದಸ್ತಗೀರ ಪ್ರತಿ ಎಳೆಗೂ ಮೆಲ್ಲಗೆ 'ಹೂಂ' ಎನ್ನುತ್ತಿದ್ದ,
ಕತೆ ಕೇಳುವ ಮಗುವಿನ ಹಾಗೆ.

ಇಪ್ಪತ್ತೆರಡನೆಯದಕ್ಕೆ ನನ್ನ ಫೋನು ಹೊಡೆದುಕೊಂಡಿತು.
ನಮ್ಮದೇ ಕಂಪನಿಯ ಹೆಂಗಸು, ರೆಕಾರ್ಡಿನವಳು:
ಪ್ರಿಯ ಗ್ರಾಹಕರೇ, ಈ ಹಾಡನ್ನು ನಿಮ್ಮದಾಗಿಸಿಕೊಳ್ಳಲು
ಒಂದನ್ನು ಒತ್ತಿ.
ಎರಡನೆಯದು ಶಿವಮೊಗ್ಗದ ಆಫೀಸು:
ನಾಲ್ಕು ಗಂಟೆ ಮೀರಿದ್ದು ಯಾಕೆ, ದಂಡ ಯಾರು ಕಟ್ಟುವುದು.
ಮೂರನೆಯದು ಯಡೂರಿನ ಅಂಗಡಿಯ ದುಗ್ಗಮ್ಮ.
ಹಲೋ ಇಲ್ಲ, ಹೆಸರಿಲ್ಲ.
'ಬಂತು ಮಾರಾಯ, ಬಂತು' ಅಂದಳು, ಇಟ್ಟಳು.

ದಂಡ ಕಟ್ಟಿದ್ದು ನಾವಿಬ್ಬರೇ, ತಲಾ ಆರುನೂರು.

ಸೇರು ಅಂತಲೂ ಅನ್ನಲಾರೆ, ಬೇಡ ಅಂತಲೂ.
ಸೋಮವಾರ ಹೊಸನಗರ ಬಸ್‌ಸ್ಟ್ಯಾಂಡಿಗೆ ಬಾ;
ಎರಡು ಫೋಟೋ, ಆಧಾರ್ ಜೆರಾಕ್ಸು, ಒಂದು ಹಳೆಯ ಅಂಗಿ.
ಅಷ್ಟರಲ್ಲಿ ಬಣ್ಣ ಬಾಯಿಪಾಠ ಮಾಡು, ಮಗ್ಗಿಯ ಹಾಗೆ:
ನೀಲಿ, ಕಿತ್ತಳೆ, ಹಸಿರು, ಕಂದು, ಬೂದಿ, ಬಿಳಿ,
ಕೆಂಪು, ಕಪ್ಪು, ಹಳದಿ, ನೇರಳೆ.
ಇನ್ನೆರಡಿವೆ, ತೀರಾ ತೆಳು,
ಟಾರ್ಚು ಬಿಟ್ಟರೆ ಬಿಳಿಯ ಹಾಗೇ ಕಾಣುತ್ತವೆ.
ಅವನ್ನು ಮಾತ್ರ ಪಕ್ಕದಲ್ಲಿ ಕೂರಿಸಿಕೊಂಡೇ ತೋರಿಸಬೇಕು.